ಕರೆದರೆ ಬಾರದ ಸೂಜಿ

ಅಣ್ಣ ಹಲ್ಲಿನಿಂದ ದಾರ ಕಡಿದ. ಸೂಜಿಯನ್ನು ತನ್ನ ಕಾಲರಿನ ಹಿಂದೆ ಚುಚ್ಚಿಕೊಂಡು ಅಪ್ಪನ ಅಂಗಿಯ ತೋಳಿನ ಗುಂಡಿ ಹಾಕಿದ. ಆಸ್ಪತ್ರೆಯಲ್ಲಿದ್ದ ಐದು ದಿನಗಳಲ್ಲಿ ಅಪ್ಪ ಒಂದು ಅಳತೆ ಇಳಿದುಹೋಗಿದ್ದರು. ಅಂಗಿ ದೊಗಳೆಯಾಗಿ ಕಾಣಬಾರದೆಂದು ಅಣ್ಣ ಎರಡೂ ಪಕ್ಕ ಒಳಗೆ ಮಡಚಿ ಟಾಕ ಹಾಕಿದ್ದ.

"ಈಗ ಸರಿಯಾಯ್ತು," ಎಂದ. "ಅಳತೆ ತಪ್ಪಿದ ಅಂಗೀಲಿ ಕಳಿಸಿದ್ರೆ ಅಲ್ಲಿಂದಲೂ ನನ್ನ ಬೈತಾರೆ."

ಚಿಕ್ಕಪ್ಪ ಸಣ್ಣಗೆ ನಕ್ಕರು. ತಂಗಿ ನಗಲಿಲ್ಲ. ಅವಳು ಕಿಟಕಿಯ ಬಳಿ ನಿಂತು ಗಡಿಯಾರ ನೋಡುತ್ತಿದ್ದಳು. ಹನ್ನೊಂದೂಕಾಲು. ಒಂದು ಗಂಟೆಗೆ ವ್ಯಾನು, ಎರಡೂವರೆಗೆ ಮಣ್ಣು. ನಾಲ್ಕಕ್ಕೆ ಕೆರೆಯ ದಡದಲ್ಲಿ ಮಕ್ಕಳ ಗಾಳದ ಸ್ಪರ್ಧೆ. ಅಪ್ಪ ಕೊನೆಯ ಸಲ ಆ ದಡ ಬಾಚಿ ಚೊಕ್ಕಟ ಮಾಡಿದ್ದು ಕಳೆದ ಸೋಮವಾರ ಬೆಳಿಗ್ಗೆ. ಇವತ್ತು ಭಾನುವಾರ.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಒಂದ್ಕಡೆ ಕೂತ್ಕೋ," ಎಂದಳು ಅತ್ತಿಗೆ. ಅವಳು ಕೂತಳು. ಎರಡು ನಿಮಿಷಕ್ಕೆ ಮತ್ತೆ ಎದ್ದಳು.

ಗಾಳದ ಸಂಘದ ಕಾರ್ಯದರ್ಶಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದರು. ಅಪ್ಪನ ಮುಂದೆ ಸ್ವಲ್ಪ ಹೊತ್ತು ತಲೆ ಬಗ್ಗಿಸಿ ನಿಂತು, ಆಮೇಲೆ ಅವಳ ಕಡೆ ತಿರುಗಿದರು.

"ಸ್ಪರ್ಧೆ ನಿಲ್ಲಿಸೋಣ ಅಂತಲೇ ಇದ್ದೆವಮ್ಮ. ಆದ್ರೆ ಮೂವತ್ತೆರಡು ಮಕ್ಕಳು, ತಿಂಗಳಿಂದ ಕಾಯ್ತಾ ಇದ್ದಾವೆ. ನಿಮ್ಮಪ್ಪನ ನೆನಪಲ್ಲೇ ಮಾಡಿಬಿಡೋಣ ಅಂತ ತೀರ್ಮಾನ ಆಯ್ತು."

"ದಡ?" ಎಂದಳು ಅವಳು.

"ಅದರ ಚಿಂತೆ ಬೇಡ. ನಿಮ್ಮಣ್ಣ ಬೆಳಿಗ್ಗೆ ಆರಕ್ಕೇ ಬಂದು ಬಾಚಿ ಹೋದ್ರಲ್ಲ."

ಅವಳು ಅಣ್ಣನನ್ನು ನೋಡಿದಳು. ಅಪ್ಪನ ಹೊಲಿಗೆ ಅಂಗಡಿ ಅಣ್ಣನ ಕೈಗೆ ಬಂದ ಮೇಲಿನ ಒಂಬತ್ತು ವರ್ಷಗಳಲ್ಲಿ ಅವನು ಒಂದು ದಿನವೂ ಆ ಕೆರೆಯ ಕಡೆ ತಲೆ ಹಾಕಿದವನಲ್ಲ. 'ಕೆಲಸ ಇಲ್ಲದ ದರ್ಜಿ ಕೆರೆಗೆ ಹೊಲಿಗೆ ಹಾಕಿದ' ಎಂದು ಅಪ್ಪನ ಬೆನ್ನ ಹಿಂದೆ ಆಡಿಕೊಂಡವನು.

"ಆಸ್ಪತ್ರೇಲಿ ಅಪ್ಪ ಅದನ್ನೇ ಅಲ್ವಾ ಕನವರಿಸ್ತಿದ್ದಿದ್ದು?" ಎಂದ ಅಣ್ಣ. "ದಡ, ಸೂಜಿ, ದಡ, ಸೂಜಿ ಅಂತ. ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದಕ್ಕೇ ಹೋಗಿದ್ದೆ." ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಅಂಗಡಿಯ ಹಳೆಯ ಅಯಸ್ಕಾಂತ, ಅದಕ್ಕೆ ಕಟ್ಟಿದ ಹುರಿ. ಅಂಚಿಗೆ ಗಾಳದ ಹನ್ನೊಂದು ಕೊಕ್ಕೆಗಳೂ ಸೋಡಾ ಬಾಟಲಿಯ ಒಂದು ಮುಚ್ಚಳವೂ ಅಂಟಿಕೊಂಡಿದ್ದವು. "ಇಡೀ ದಡ ಎರಡು ಸಲ ಎಳೆದಿದ್ದೀನಿ, ಪುಟ್ಟಿ. ಒಂದು ಸೂಜಿ ಇದ್ರೆ ಕೇಳು."

ಅವಳು ಅಯಸ್ಕಾಂತ ನೋಡಿದಳು, ಆಮೇಲೆ ಗಡಿಯಾರ.

*

ಅವರಿಬ್ಬರೂ ಚಿಕ್ಕವರಿದ್ದಾಗ ಅಂಗಡಿ ಮುಚ್ಚುವುದಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಕೊಟ್ಟ ಸೂಜಿಗಳು ಸಂಜೆ ಅಷ್ಟೇ ಮರಳಬೇಕು. ನಾಲ್ಕು ಹೊಲಿಗೆ ಯಂತ್ರ, ಇಬ್ಬರು ಕೆಲಸಗಾರರು, ಇಪ್ಪತ್ನಾಲ್ಕು ಕೈಸೂಜಿ. ಅಪ್ಪ ಅಯಸ್ಕಾಂತವನ್ನು ಹುರಿಯಿಂದ ನೆಲದ ಮೇಲೆ ಎಳೆದುಕೊಂಡು ಹೋದರೆ ಬಟ್ಟೆಯ ಚೂರುಗಳ ಅಡಿಯಿಂದ ಸೂಜಿಗಳು ಟಕ್ ಟಕ್ ಎಂದು ಹಾರಿ ಬಂದು ಅಂಟಿಕೊಳ್ಳುತ್ತಿದ್ದವು.

"ನೋಡಿದ್ರಾ? ನಮ್ಮ ಸೂಜಿ ಕರೆದ್ರೆ ಬರುತ್ತೆ. ನಿಮ್ಮ ಹಾಗಲ್ಲ," ಎನ್ನುತ್ತಿದ್ದರು.

ಆದರೂ ಒಮ್ಮೊಮ್ಮೆ ಒಂದು ಕಡಿಮೆ ಬೀಳುತ್ತಿತ್ತು. ಆಗ ಅಣ್ಣ ಒಂದು ಗೋಡೆಯಿಂದ, ಅವಳು ಎದುರಿನ ಗೋಡೆಯಿಂದ ಮಂಡಿಯೂರಿ ಅಂಗೈಯಿಂದ ನೆಲ ಸವರುತ್ತ ಬರಬೇಕು. ನಡುವೆ ಇಬ್ಬರ ತಲೆಗೆ ತಲೆ ತಾಗಿದರೆ ಮಾತ್ರ ನೆಲವೆಲ್ಲ ನೋಡಿದಂತೆ. ಅಣ್ಣ ಬೇಕೆಂದೇ ಜೋರಾಗಿ ಗುದ್ದುತ್ತಿದ್ದ. ಅವಳು ಅಳುತ್ತಿದ್ದಳು. ಅಪ್ಪ ಬಾಗಿಲಲ್ಲಿ ಬೀಗ ಹಿಡಿದು ನಿಂತಿರುತ್ತಿದ್ದರು.

"ಹೊರಗೆ ಕತ್ತಲಾಗ್ತಿದೆ ಅಪ್ಪಾ, ನಾಳೆ ಹುಡುಕಿದ್ರಾಗಲ್ವಾ?"

"ನಾಳೆ ಬೆಳಿಗ್ಗೆ ಅದು ಯಾವ ಮಗೂನ ಅಂಗೀಲಿ ಹೋಗಿರುತ್ತೋ ನಿಂಗೊತ್ತಾ?"

*

ಅವಳು ಕಾರ್ಯದರ್ಶಿಯನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದೊಯ್ದಳು. ಬಾಯಿ ಬಿಡುವ ಮೊದಲೇ ಅವರು ಕೈ ಅಡ್ಡ ಹಿಡಿದರು.

"ನೀವು ಏನು ಹೇಳ್ತೀರಿ ಅಂತ ಗೊತ್ತು. ಪಂಪ್‌ಹೌಸ್ ಹಿಂದೆ ಕತ್ತಲಾದ ಮೇಲೆ ಯಾರ್ಯಾರೋ ಬಂದು ಮತ್ತಿನ ಸೂಜಿ ಚುಚ್ಚಿಕೊಳ್ತಾರೆ, ಅಲ್ವಾ? ಅದನ್ನ ಜೋರಾಗಿ ಹೇಳಬೇಡಿ. ಮೊದಲು ನಾವು ಗಾಳ ಹಾಕ್ತಿದ್ದ ಕೆರೆ ಏನಾಯ್ತು ಗೊತ್ತಲ್ಲ? ಒಂದು ದೂರು ಹೋಯ್ತು, ನಗರಸಭೆಯವರು ಸುತ್ತ ತಗಡು ಹೊಡೆದು ಮುಚ್ಚಿದರು, ಎರಡು ವರ್ಷಕ್ಕೆ ಕಸದ ಗುಂಡಿ. ನಿಮ್ಮಪ್ಪ ಬಾಯಿಗೆ ಹೊಲಿಗೆ ಹಾಕ್ಕೊಂಡು ಇದ್ದಿದ್ದು ಅದಕ್ಕೇ."

"ಮಕ್ಕಳು ಬರಿಗಾಲಲ್ಲಿ ಇಳೀತಾರೆ."

"ನಿಮ್ಮಣ್ಣ ಬಾಚಿದಾರಲ್ಲ."

"ಇಲ್ಲ," ಎಂದಳು. "ಬಾಚಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಆದರೂ ಕೆರೆಯ ಗೇಟಿನ ಬೀಗದ ಕೈ ತೋರಿಸಿದರು. "ನಾಲ್ಕರ ತನಕ ತೆಗೆಯಲ್ಲ. ಅಷ್ಟು ಮಾಡ್ತೀನಿ. ನಾಲ್ಕಕ್ಕೆ ಮಕ್ಕಳ ಬಸ್ಸು ಬಂದು ನಿಂತ್ರೆ ನನ್ನ ಕೈಲಾಗಲ್ಲ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಪ್ಪನ ದೇಹ ಮನೆಯಲ್ಲಿರುವಾಗ ಹೊರಡುವಂತಿಲ್ಲ. ಎರಡೂವರೆಗೆ ಮಣ್ಣು, ಮೂರಕ್ಕೆ ಮುಗಿದೀತು. ಕೆರೆಗೆ ಹದಿನೈದು ನಿಮಿಷ. ದಡ ಎಂಬತ್ತು ಅಡಿ. ಸಾಕಾಗುತ್ತದೆ.

*

ಮೂರು ವರ್ಷದ ಹಿಂದೆ ಅಪ್ಪ ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೇ ಬಂದಿದ್ದರು. ರಕ್ತ ಕೊಡಲು ಕೂತವರ ಸಾಲಿನ ಕೊನೆಯಲ್ಲಿ ಸುಮ್ಮನೆ ಕೂತು, ಅವಳು ಬಳಸಿದ ಸೂಜಿಯನ್ನು ಹಳದಿ ಡಬ್ಬಿಗೆ ಹಾಕುವುದನ್ನು ನೋಡುತ್ತಿದ್ದರು. ಸರದಿ ಬಂದಾಗ ತೋಳು ಚಾಚಲಿಲ್ಲ.

"ಆ ಡಬ್ಬಿ ಒಂದು ಸಿಗುತ್ತಾ?"

ಮರುದಿನ ಅವಳು ಅವರ ಜೊತೆ ಕೆರೆಗೆ ಹೋದಳು. ಮೇಲ್ಸೇತುವೆಗೂ ತರಕಾರಿ ಮಂಡಿಯ ಹಿಂಗೋಡೆಗೂ ನಡುವೆ ಸಿಕ್ಕಿಕೊಂಡ ಕೆರೆ ಅದು. ಒಂದು ಕಡೆ ಸಿಮೆಂಟಿನ ಮೆಟ್ಟಿಲು, ಇನ್ನೊಂದು ಕಡೆ ಹುಲ್ಲಿನ ದಡ. ಹುಲ್ಲಿನಲ್ಲಿ ಕಡಿದ ನೈಲಾನ್ ದಾರ, ಸೀಸದ ಗುಂಡು, ಕೊಕ್ಕೆ. ದಾರ ಸುತ್ತಿಕೊಂಡು ಒಂದು ಬಾತುಕೋಳಿಯ ಕಾಲೇ ಕತ್ತರಿಸಿಹೋಗಿತ್ತು. ಅದು ಬದುಕಿತ್ತು. ಕುಂಟುತ್ತ ಅಪ್ಪನ ಹಿಂದೆಯೇ ಬರುತ್ತಿತ್ತು.

ಅಪ್ಪ ಅಯಸ್ಕಾಂತ ಎಳೆದರು. ಕೊಕ್ಕೆಗಳು ಬಂದು ಅಂಟಿದವು. ಆಮೇಲೆ ಅವಳ ಕೈ ಹಿಡಿದು ನಿಲ್ಲಿಸಿ, ಹುಲ್ಲಿನಲ್ಲಿ ಬಿದ್ದಿದ್ದ ಒಂದು ಸಿರಿಂಜಿನ ಮೇಲೆ ಅದನ್ನೇ ಹಿಡಿದರು. ಸೂಜಿ ಕೂದಲೆಳೆಯಷ್ಟು ಅಲುಗಿತೇನೋ. ಎದ್ದು ಬರಲಿಲ್ಲ.

"ಇದು ಬೇರೆ ಜಾತಿ ಉಕ್ಕು ಅಲ್ವಾ?"

"ಹೂಂ. ಸ್ಟೇನ್‌ಲೆಸ್. ಮ್ಯಾಗ್ನೆಟ್ ಹಿಡಿಯಲ್ಲ."

"ಐವತ್ತು ವರ್ಷ ಸೂಜಿ ಹಿಡಿದವನು ನಾನು. ಮೊದಲನೇ ತಿಂಗಳು ಬರೀ ಇದನ್ನ ಎಳ್ಕೊಂಡು ಓಡಾಡಿದೆ. ಹೋದ ಪುಟ್ಟ, ಬಂದ ಪುಟ್ಟ. ದಡ ಕ್ಲೀನು ಅಂತ ಮಕ್ಕಳಿಗೆಲ್ಲ ನಾನೇ ಹೇಳಿದ್ದೆ." ಅವರು ಅಯಸ್ಕಾಂತಕ್ಕೆ ಅಂಟಿದ ಕೊಕ್ಕೆಗಳನ್ನು ಒಂದೊಂದಾಗಿ ಕಿತ್ತರು. "ಯಾರಿಗೂ ಏನೂ ಆಗ್ಲಿಲ್ಲ. ನಂಗೆ ಗೊತ್ತಿರೋ ಮಟ್ಟಿಗೆ ಆಗ್ಲಿಲ್ಲ, ಅಷ್ಟೇ."

ಇಕ್ಕಳ ಹಿಡಿದು ಮಂಡಿಯೂರಿದರು. ಅವರಿಗೆ ಆಗ ಎಪ್ಪತ್ತೊಂದು. "ನಿಮ್ಮಣ್ಣಂಗೆ ಹೇಳ್ಬೇಡ. ಮನೆಯಿಂದ ಆಚೆ ಬಿಡಲ್ಲ ಅವನು."

ಅಂದಿನಿಂದ ಅವಳು ತಿಂಗಳಿಗೊಂದು ಹಳದಿ ಡಬ್ಬಿ ತಂದುಕೊಡುತ್ತಿದ್ದಳು. ತುಂಬಿದ್ದನ್ನು ಒಯ್ದು ಲ್ಯಾಬಿನ ಕಸದ ಜೊತೆ ಸುಡಲು ಕಳಿಸುತ್ತಿದ್ದಳು. ಬಾಯಿಗೆ ಅವಳೂ ಹೊಲಿಗೆ ಹಾಕಿಕೊಂಡಿದ್ದಳು.

*

ಸ್ಮಶಾನದಲ್ಲಿ ಅವರಿಗಿಂತ ಮುಂಚೆ ಇನ್ನೊಂದು ವ್ಯಾನು ಬಂದು ನಿಂತಿತ್ತು. ಗುಂಡಿ ತೋಡುವವನು ಗುದ್ದಲಿಗೆ ಒರಗಿಕೊಂಡು, "ಮೂರೂಕಾಲು ಆಗುತ್ತೆ," ಎಂದ. "ಅವಸರ ಇರೋರು ಯಾರೂ ಇಲ್ಲಿಗೆ ಬರಲ್ಲ, ಅಲ್ವಾ?"

ಎರಡು ಮೂವತ್ತೈದು. ಅವಳು ವ್ಯಾನಿನ ಬಾಗಿಲಿಂದ ಬೇವಿನ ಮರಕ್ಕೆ, ಮರದಿಂದ ಗೇಟಿಗೆ ಮೂರು ಸಲ ನಡೆದಳು. ಕೊನೆಗೆ ಅಣ್ಣನ ತೋಳು ಹಿಡಿದು ಗೋಡೆಯ ಪಕ್ಕ ಎಳೆದಳು.

"ನಾನು ಕೆರೆಗೆ ಹೋಗ್ಬೇಕು."

"ಈಗಲಾ? ತಲೆ ಕೆಟ್ಟಿದೆಯಾ? ಅಪ್ಪನ್ನ ಮಣ್ಣಿಗಿಡೋ ಹೊತ್ತಲ್ಲಿ ಮಗಳು ಎಲ್ಲಿ ಅಂದ್ರೆ ಮೀನು ಹಿಡಿಯೋಕೆ ಹೋದ್ಳು ಅಂತ ಹೇಳ್ಲಾ? ನಾಲ್ಕು ಜನ ಏನಂತಾರೆ?"

"ಮ್ಯಾಗ್ನೆಟ್ ಕೊಡು."

ಅವನು ಕೊಟ್ಟ. ಅವಳ ಕೈಚೀಲದಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆಯುವ ಸಾಮಾನಿತ್ತು. ಒಂದು ಹೊಸ ಸಿರಿಂಜಿನ ಪೊಟ್ಟಣ ಹರಿದು, ಸೂಜಿಯ ಮುಚ್ಚಳ ಕಿತ್ತು, ಕಾಂಪೌಂಡು ಗೋಡೆಯ ಮೇಲಿಟ್ಟಳು. ಅಣ್ಣನ ಕಾಲರಿನಿಂದ ಹೊಲಿಗೆಯ ಸೂಜಿ ತೆಗೆದು ಅದರ ಪಕ್ಕದಲ್ಲಿಟ್ಟಳು. ಮೇಲೆ ಅಯಸ್ಕಾಂತ ಹಿಡಿದಳು. ಹೊಲಿಗೆಯ ಸೂಜಿ ಟಕ್ ಎಂದು ಹಾರಿ ಅಂಟಿತು. ಇನ್ನೊಂದು ಇದ್ದಲ್ಲೇ ಇತ್ತು.

ಅಣ್ಣ ಅವಳ ಕೈಯಿಂದ ಅಯಸ್ಕಾಂತ ಕಸಿದುಕೊಂಡು ತಾನೇ ಹಿಡಿದು ನೋಡಿದ. ಇನ್ನೂ ಹತ್ತಿರ ತಂದ. ತಾಗಿಸಿದ. ಎತ್ತಿದ. ಸಿರಿಂಜು ಗೋಡೆಯ ಮೇಲೇ ಉಳಿಯಿತು.

"ಆಸ್ಪತ್ರೇಲಿ ಅಪ್ಪ ಹೇಳ್ತಿದ್ದ ಸೂಜಿ ಇದಾ?"

"ಇದೇ. ಇದಕ್ಕೆ ಮಂಡಿ ಊರಬೇಕು ಅಣ್ಣ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಹೇಳ್ಬೇಡ ಅಂದಿದ್ರು."

ಅವನು ಕರವಸ್ತ್ರದಲ್ಲಿದ್ದ ಕೊಕ್ಕೆಗಳನ್ನು ನೋಡುತ್ತ ನಿಂತ. "ಎರಡು ಸಲ ಎಳೆದೆ," ಎಂದ. "ಆ ಕಾರ್ಯದರ್ಶಿಗೆ ನಾನೇ ಹೇಳ್ದೆ, ಮಕ್ಕಳನ್ನ ಧೈರ್ಯವಾಗಿ ಇಳಿಸಿ ಅಂತ."

ದೂರದಲ್ಲಿ ಚಿಕ್ಕಪ್ಪ ಅವನನ್ನು ಕರೆಯುತ್ತಿದ್ದರು. ಹೆಗಲು ಕೊಡಲು ನಾಲ್ವರು ಬೇಕು, ಅವನು ನಾಲ್ಕನೆಯವನು.

"ಹೋಗು," ಎಂದ. "ಹಿಂದಿನ ಗೇಟಿಂದ ಹೋಗು. ಕೇಳಿದ್ರೆ ತಲೆ ಸುತ್ತು ಬಂತು ಅಂತೀನಿ."

ಅವಳು ಸಿರಿಂಜಿಗೆ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸಿದಳು. ವ್ಯಾನಿನ ಹತ್ತಿರ ಹೋಗಿ ಅಪ್ಪನ ಅಂಗಿಯ ಎದೆಯ ಮೇಲೆ ಒಮ್ಮೆ ಅಂಗೈ ಇಟ್ಟಳು. ನೆಲ ಸವರಿ ನೋಡುವಾಗ ಇಡುತ್ತಿದ್ದಂತೆ, ಹಗುರವಾಗಿ. ಆಮೇಲೆ ತಿರುಗಿ ನೋಡದೆ ಹೋದಳು.

*

ಕೆರೆಯ ಬೇಲಿಯಲ್ಲಿ ಅಪ್ಪ ನುಸುಳುತ್ತಿದ್ದ ಸಂದಿ ಹಾಗೆಯೇ ಇತ್ತು. ಪಂಪ್‌ಹೌಸಿನ ಕಿಟಕಿಯ ಕೆಳಗೆ ಇಟ್ಟಿಗೆ ಸರಿಸಿದರೆ ಇಕ್ಕಳವೂ ಅರ್ಧ ತುಂಬಿದ ಹಳದಿ ಡಬ್ಬಿಯೂ ಸಿಕ್ಕವು. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗೋಡೆಯ ಬುಡದಿಂದ ಶುರುಮಾಡಿದಳು. ಸ್ಮಶಾನಕ್ಕೆಂದು ಉಟ್ಟ ಬಿಳಿ ಸೀರೆ ಮಂಡಿಯ ಬಳಿ ಹಸಿರಾಯಿತು. ಗೋಡೆಯ ಬುಡದಲ್ಲಿ ನಾಲ್ಕು ಸಿಕ್ಕವು. ಹುಲ್ಲಿಗೆ ಇಳಿದ ಮೇಲೆ ಒಂದು. ಅಪ್ಪ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಜಾಗದಲ್ಲಿ, ಮೂರು ಸ್ಟೂಲುಗಾಲುಗಳ ಗುರುತಿನ ನಡುವೆ, ಮೊನೆ ಮೇಲಾಗಿ ಇನ್ನೊಂದು. ಕುಂಟ ಬಾತುಕೋಳಿ ನೀರಿನ ಅಂಚಿಗೆ ಬಂದು ನೋಡಿತು, ಯಾರೋ ಬೇರೆಯವರೆಂದು ಹಿಂದಿರುಗಿತು.

ಮೂರು ಐವತ್ತೆರಡು. ಅರ್ಧ ದಡವೂ ಆಗಿರಲಿಲ್ಲ.

ಬೇಲಿಯಾಚೆ ಬೈಕು ನಿಂತ ಸದ್ದಾಯಿತು. ಅಣ್ಣ ಸಂದಿಯಲ್ಲಿ ನುಸುಳಿ ಬಂದ. ಮೂಗಿನ ಮೇಲೆ ಅಪ್ಪನ ಕನ್ನಡಕ, ಉಗುರುಗಳಲ್ಲಿ ಕೆಮ್ಮಣ್ಣು.

"ಆಯ್ತಾ?"

"ಆಯ್ತು. ನಿನ್ನ ಪಾಲಿನ ಒಂದು ಹಿಡಿ ಮಣ್ಣೂ ನಾನೇ ಹಾಕ್ದೆ."

ಅವಳ ಕೈಚೀಲದಿಂದ ಕೈಗವಸು ತೆಗೆದು ಹಾಕಿಕೊಂಡ. ದಾರಿಯಲ್ಲಿ ಅಂಗಡಿಯಿಂದ ತಂದಿದ್ದ ದೊಡ್ಡ ಕತ್ತರಿಯನ್ನೇ ಇಕ್ಕಳದ ಹಾಗೆ ಹಿಡಿದು, ದಡದ ಆ ತುದಿಗೆ ನಡೆದು, ಪ್ಯಾಂಟು ಮೇಲೆಳೆದುಕೊಂಡು ಮಂಡಿಯೂರಿದ. ಐವತ್ತು ದಾಟಿದ ಮಂಡಿಗಳು ಲಟಕ್ ಎಂದದ್ದು ಅವಳಿಗೆ ಈ ತುದಿಯಲ್ಲೂ ಕೇಳಿಸಿತು.

ನಾಲ್ಕಕ್ಕೆ ಸರಿಯಾಗಿ ಬಸ್ಸು ಬಂತು. ಕಾರ್ಯದರ್ಶಿ ಬೀಗದ ಕೈ ಹಿಡಿದು ಗೇಟಿನಾಚೆ ನಿಂತರು. ದಡದ ಮೇಲೆ ಅಣ್ಣ ತಂಗಿಯರನ್ನು ಕಂಡು ಬೀಗಕ್ಕೆ ಕೈ ಹಾಕಲಿಲ್ಲ.

"ತೆಗೀಬಹುದಾ?" ಎಂದರು.

ಅಣ್ಣ ಹುಲ್ಲಿನೊಳಗಿಂದ ಏನನ್ನೋ ಕತ್ತರಿಯ ಬಾಯಲ್ಲಿ ಮೆಲ್ಲಗೆ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಪಕ್ಕದ ಖಾಲಿ ಬಾಟಲಿಗೆ ಹಾಕಿದ. ತಲೆ ಎತ್ತಲಿಲ್ಲ.

"ಇರಿ. ಇನ್ನೂ ತಲೆಗೆ ತಲೆ ತಾಗಿಲ್ಲ."

ಇಬ್ಬರ ನಡುವೆ ಮೂವತ್ತು ಅಡಿ ಹುಲ್ಲು ಉಳಿದಿತ್ತು. ಗೇಟಿನಾಚೆ ಮೂವತ್ತೆರಡು ಮಕ್ಕಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಕಂಬಿಗಳಿಗೆ ಮುಖವಿಟ್ಟು, ದೊಡ್ಡವರಿಬ್ಬರು ನಾಲ್ಕುಗಾಲಲ್ಲಿ ಒಬ್ಬರ ಕಡೆಗೊಬ್ಬರು ತೆವಳಿಕೊಂಡು ಬರುವುದನ್ನು ನೋಡುತ್ತಿದ್ದವು.