ನೂರಾ ನಲವತ್ತನೆಯ ಅಡಿಯ ಕೆಮ್ಮಣ್ಣು

ನಡೆದದ್ದನ್ನೇ ಹೇಳುತ್ತೇನೆ. ಒಂದು ಮಾತು ಸುಳ್ಳಾದರೂ ನನ್ನ ಬೋರಿನ ಗಾಡಿ ನಾಳೆಯಿಂದ ಅರ್ಧ ಅಡಿಯೂ ಕೊರೆಯದಿರಲಿ. ಮುದ್ದೇಬಿಹಾಳದ ಕಡೆ ಕೊರೆದಾಗ ಕೆಳಗಿನಿಂದ ಯಾರೋ ಕೆಮ್ಮಿದರು. ಬಾಗೇವಾಡಿ ದಾರಿಯಲ್ಲಿ ಕಲ್ಲು ಕೊರೆಯುವ ಬಿಟ್ ಎಷ್ಟು ಕಾದಿತ್ತೆಂದರೆ, ಅದರ ಮೇಲೆ ಹನ್ನೆರಡು ರೊಟ್ಟಿ ಸುಟ್ಟುಕೊಂಡು ಉಂಡೆವು. ಅವನ್ನು ನಂಬದಿದ್ದರೂ ನಡೆದೀತು. ಇದನ್ನು ನಂಬಬೇಕು.

ಸಿಂದಗಿಯ ದಾನೇಶ್ವರಿ ಭೂಗರ್ಭ ಎಂಜಿನಿಯರಿಂಗಿನಲ್ಲಿ ಎಂ.ಟೆಕ್ ಓದುತ್ತಿದ್ದಳು. ಗಣಿತ ಸಾಲದೆಂದು ಕಾಲೇಜಿನವರು ಎರಡು ಪೇಪರು ಹೆಚ್ಚಿಗೆ ಬರೆಸಿದರು, ಬರೆದಳು. ಕೊನೆಗೆ ಉಳಿದದ್ದು ಪ್ರಬಂಧ. ಅದಕ್ಕೆ ಒಂದೇ ಬೋರಿನ ಮಣ್ಣು, ಕಲ್ಲು ಬೇಕು. ಹತ್ತಡಿಗೊಂದು ಚೀಲ, ಮುನ್ನೂರು ಅಡಿಯವರೆಗೆ. ಒಂದು ಚೀಲ ತಪ್ಪಿದರೂ ಗೈಡ್ ಸಹಿ ಹಾಕುವುದಿಲ್ಲ. ಸೋಮವಾರ ಕಡೆಯ ದಿನ.

ಅವಳು ನನ್ನ ಗಾಡಿಯ ಜೊತೆ ಬಂದಳು. ಹಲಸಂಗಿಯಲ್ಲಿ ಬೋರ್ ಹಾಕಿಸುತ್ತಿದ್ದ ಹೊನ್ನವ್ವನ ಹಿತ್ತಲಲ್ಲಿ ಕೊರೆದೆ. ಬಂದ ಪುಡಿಯನ್ನು ತಾಡಪತ್ರಿಯ ಮೇಲೆ ಹತ್ತಡಿಗೊಂದರಂತೆ ಸಾಲಾಗಿ ಗುಡ್ಡೆ ಹಾಕಿದೆ. ಇಪ್ಪತ್ತೆಂಟು ವರ್ಷ ಹೀಗೇ ಹಾಕಿದ್ದೇನೆ, ಗಾಳಿ ಒಯ್ದಿದೆ. ಯಾರೂ ಕೂತು ನೋಡಿರಲಿಲ್ಲ. ಇವಳು ಕೂತಳು. ಎಲ್ಲವೂ ಕಪ್ಪು, ಹದಿನಾಲ್ಕನೆಯ ಗುಡ್ಡೆ ಮಾತ್ರ ಕೆಂಪು.

“ಖಂಡೆಪ್ಪ ಕಾಕಾ, ಈ ಕರಿಕಲ್ಲು ಒಂದ್ ಕಾಲಕ್ಕ ಬೆಂಕಿಯಾಗಿ ಹರದಿದ್ದು. ಒಂದು ಹರದು ಆರಿದ ಮ್ಯಾಲ ಇನ್ನೊಂದು ಬರೂತನಾ ಸಾವಿರಾರು ವರ್ಷ ಬಿಸಿಲು, ಮಳಿ ಬಿದ್ದು ಈ ಕೆಂಪಮಣ್ಣು ಆಗೇತಿ. ಹುಗದಿಟ್ಟ ಬಿಸಿಲು ಇದು.”

“ನೂರಾ ನಲವತ್ತಡಿ ಕೆಳಗ ಬಿಸಿಲಾ? ಸುಳ್ಳಿನಾಗ ನನ್ನೂ ದಾಟಿದೆಲ್ಲ ತಂಗಿ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನೆಲ ತೂತು ಮಾಡಿದವನು, ಕೆಳಗೇನಿದೆ ಎಂದು ಅವತ್ತೇ ಮೊದಲು ಕೇಳಿದೆ.

ಒಣಗಲೆಂದು ಬಿಟ್ಟು ಹೋದೆವು. ಮರುದಿನ ಬಂದರೆ ಹದಿನಾಲ್ಕನೆಯ ಜಾಗ ಖಾಲಿ. ಹೊನ್ನವ್ವನ ಹೊಸ್ತಿಲು ಕೆಂಪಗೆ ಹೊಳೆಯುತ್ತಿತ್ತು.

“ಶುಕ್ರವಾರ ಅಲ್ಲೇನೋ ಯಣ್ಣಾ. ಚಲೋ ಕೆಮ್ಮಣ್ಣು ಇತ್ತು, ಸಾರಿಸಿದೆ,” ಎಂದಳು ಹೊನ್ನವ್ವ.

ದಾನೇಶ್ವರಿ ಹೊಸ್ತಿಲ ಮುಂದೆ ಕೂತು ಆ ಕೆಂಪನ್ನು ಉಗುರಿನಿಂದ ಕೆರೆದು ನೋಡಿದಳು.

“ಏನಾರ ಉಳದೈತೇನಬೇ?” ಎಂದು ಕೇಳಿದೆ.

“ಒಂದ್ ಡಬ್ಬಿ ಐತಿ. ಬರೂ ಶುಕ್ರವಾರಕ್ಕ ಬೇಕು. ಬೋರ್ ನಂದು, ಮಣ್ಣೂ ನಂದು.”

ದಾನೇಶ್ವರಿ ಜಗಳಕ್ಕೆ ನಿಲ್ಲಲಿಲ್ಲ. ನನಗೆ ಹೇಳಿದ್ದನ್ನೇ ಮತ್ತೊಮ್ಮೆ ಮೆಲ್ಲಗೆ ಹೇಳಿದಳು. ಹೊನ್ನವ್ವ ಬಗ್ಗಿ ಹೊಸ್ತಿಲು ಮುಟ್ಟಿದಳು.

“ಹಂಗಾರ ನಾ ಹಚ್ಚಿದ್ದು ಬಿಸಿಲು ಅನ್ನು,” ಎಂದು ಒಳಗೆ ಹೋಗಿ ಡಬ್ಬಿ ತಂದುಕೊಟ್ಟಳು. “ಮಣ್ಣು ಒಯ್ಯಿ. ಡಬ್ಬಿ ವಾಪಸ್ ಬರಬೇಕ ನೋಡು.”

ಸೋಮವಾರ ಸಹಿ ಬಿತ್ತು. ದಾನೇಶ್ವರಿ ಈಗ ಎಲ್ಲೋ ದೂರದ ಸುರಂಗದ ಕೆಲಸದಲ್ಲಿದ್ದಾಳೆ. ಹೋಗುವಾಗ ಪ್ರಬಂಧದ ಒಂದು ಪ್ರತಿ ನನಗೆ ಕೊಟ್ಟಳು. ನಾನು ಕಲಿತದ್ದು ಮೂರನೇ ಇಯತ್ತೆ, ಅದು ಇಂಗ್ಲಿಷು. ಅದರೊಳಗೆ ನನ್ನ ಬೋರಿನ ಚಿತ್ರವಿದೆ. ಕೆಂಪು ಪಟ್ಟಿಯ ತನಕ ಬೆರಳಿಟ್ಟು ಇಳಿಯುತ್ತೇನೆ, ಮುಂದಿನ ದಾರಿ ತಿಳಿಯುವುದಿಲ್ಲ. ಈಗಲೂ ಕೊರೆದಲ್ಲೆಲ್ಲ ಗುಡ್ಡೆ ಹಾಕಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತೇನೆ.

ಇರಲಿ. ಈ ಹಿಪ್ಪರಗಿ ಸ್ಟ್ಯಾಂಡಿಗೆ ನಿಮ್ಮ ಇಂಡಿ ಬಸ್ಸು ಬರಲು ಇನ್ನೂ ಒಂದು ತಾಸಿದೆ. ಅವಳ ಆ ಪುಸ್ತಕ ನನ್ನ ಚೀಲದಲ್ಲಿದೆ. ನಿಮ್ಮ ಕಿಸೆಯಲ್ಲಿ ಚಷ್ಮಾ ಇರುವುದನ್ನು ಕತೆ ಶುರು ಮಾಡುವ ಮೊದಲೇ ನೋಡಿಕೊಂಡಿದ್ದೇನೆ. ಹಾಕಿಕೊಳ್ಳಿರಿ. ಮೊದಲ ಪುಟದಿಂದ ಕನ್ನಡದಲ್ಲಿ ಓದಿ ಹೇಳಿರಿ, ಒಂದಡಿಯನ್ನೂ ಬಿಡದೆ.