ನಾಗಶ್ರೀಯ ಒಪ್ಪಿಗೆ

ಕುಂತೂರಿನ ಆ ಮನೆಗೆ ಈಗ ಎರಡು ಬಾಗಿಲು. ಅಣ್ಣ ಪುಟ್ಟಮಾದಪ್ಪನಿಗೆ ಒಂದು, ತಮ್ಮ ಶಾಂತಮೂರ್ತಿಗೆ ಒಂದು. ಪುಟ್ಟಮಾದಪ್ಪನ ಹೆಂಡತಿ ಸುವರ್ಣಮ್ಮನಿಗೆ ಮಕ್ಕಳಿರಲಿಲ್ಲ. ಶಾಂತಮೂರ್ತಿಯ ಮಗಳು ದೀಪಶ್ರೀ ಬೆಳೆದದ್ದೆಲ್ಲ ಅವಳ ಮಡಿಲಲ್ಲೇ. ಮಗುವಿಗೆ ಎಂಟು ತಿಂಗಳಾದಾಗಿನಿಂದ ತಾಯಿ ನಾಗಶ್ರೀ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಅವಳು ಬಸ್ಸು ಹತ್ತಿದರೆ ಸಂಜೆಯವರೆಗೆ ಮಗು ಸುವರ್ಣಮ್ಮನದು. ಮಾತು ಬಂದಾಗ ಅದು ಮೊದಲು ಕೂಗಿದ್ದು ‘ದೊವ್ವ’ ಎಂದು, ದೊಡ್ಡವ್ವ ಎನ್ನಲು ಬಾರದೆ. ಅದನ್ನು ಸುವರ್ಣಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾಗಶ್ರೀಯ ಎದುರಿಗೇ ಎರಡು ಸಲ ಹೇಳಿದ್ದಳು.

ದೀಪಶ್ರೀ ಒಂದನೇ ತರಗತಿಗೆ ಸೇರಿದ ವರ್ಷ ನಾಗಶ್ರೀ ಆ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಗೆ ಮೆಷಿನ್ ಹಾಕಿಕೊಂಡಳು. ಸುವರ್ಣಮ್ಮ ಜಡೆ ಹೆಣೆಯುತ್ತಿದ್ದ ತಲೆಗೆ ಈಗ ತಾಯಿಯೇ ಎಣ್ಣೆ ಹಚ್ಚುತ್ತಿದ್ದಳು. ಶಾಲೆಯಿಂದ ಬಂದ ಮಗು ಮೊದಲಿನ ಬಾಗಿಲು ದಾಟಿ ಎರಡನೆಯದಕ್ಕೆ ಓಡುತ್ತಿತ್ತು. ನಡುಗೋಡೆಯ ಆಚೆ ತಾಯಿಮಗಳು ನಗುತ್ತಿದ್ದರೆ ಈಚೆ ಸುವರ್ಣಮ್ಮನಿಗೆ ತುತ್ತು ಇಳಿಯುತ್ತಿರಲಿಲ್ಲ. “ಹೆತ್ತೋಳು ಅವ್ಳು ಕಣೇ, ಅವ್ಳತ್ರ ಓಗದೆ ಇನ್ನೆಲ್ಲಿಗೋದದು?” ಎಂದು ಗಂಡ ಹೇಳಿದಾಗ ಅವಳು ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು.

ಒಂದು ಸೋಮವಾರ ಮಗುವಿನ ಮೊಣಕೈ ಕೆಳಗೆ ಕೆಂಪಗೆ ಸುಟ್ಟ ಗಾಯ ಕಂಡಿತು.

“ಏನವ್ವ ಇದು?” ಎಂದು ಸುವರ್ಣಮ್ಮ ಕೈ ಹಿಡಿದಳು.

“ಬೋಸಿ ತಾಗ್ತು ದೊಡ್ಡವ್ವ. ಅವ್ವ ಅನ್ನ ಇಳುಸ್ತಿದ್ಲು. ನಾ ಹಿಂದ್ಲಿಂದ ಓಡೋಗಿ ತಬ್ಕಬುಟ್ಟೆ.”

ಸುವರ್ಣಮ್ಮನಿಗೆ ಗಾಯಕ್ಕಿಂತ ಆ ತಬ್ಬಿಕೊಂಡ ಮಾತೇ ಹೆಚ್ಚು ನೋಯಿಸಿತು. ತನ್ನನ್ನು ಮಗು ಹಾಗೆ ತಬ್ಬಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಹೋಗಿ, ಲೆಕ್ಕ ಸಿಗದೆ ಕೈಬಿಟ್ಟಳು. ಮಧ್ಯಾಹ್ನ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಯ ನಂಬರಿಗೆ ಫೋನ್ ಮಾಡಿದಳು. ಮಗುವಿಗೆ ಸುಟ್ಟ ಗಾಯವಾಗಿದೆ ಎಂದಳು, ತಾಯಿ ಮುಂಗೋಪಿ ಎಂದಳು. “ಬರೆ ಆಕವ್ಳೇನೋ ಅಂತ ಅನುಮಾನ” ಎಂದೂ ಅಂದಳು. ಬಿಸಿ ಅನ್ನದ ಬೋಸಿ ತಗುಲಿದ ಮಾತನ್ನು ಮಾತ್ರ ಬಿಟ್ಟಳು.

ಶನಿವಾರ ಶಾಲೆ ಬಿಟ್ಟ ಹೊತ್ತಿಗೆ ಮಕ್ಕಳ ರಕ್ಷಣಾ ಕಚೇರಿಯಿಂದ ರಾಣಿ ಎಂಬ ಹೆಣ್ಣುಮಗಳು ಬಂದಳು. ಗುರುತಿನ ಚೀಟಿ ತೋರಿಸಿ, ದೂರು ಬಂದಿದೆ, ಇಂಥದ್ದು ಎಂದು ನಾಗಶ್ರೀಗೆ ನೇರವಾಗಿ ಹೇಳಿದಳು. ಸುವರ್ಣಮ್ಮ ತನ್ನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕಿವಿಯನ್ನೆಲ್ಲ ಅಲ್ಲಿಟ್ಟಿದ್ದಳು. ಓರಗಿತ್ತಿ ಈಗ ಅತ್ತಾಳು, ಕೂಗಾಡಿಯಾಳು, ಬಂದವರ ಎದುರಿಗೆ ತನ್ನ ಬುದ್ಧಿ ತಾನೇ ತೋರಿಸಿಕೊಂಡಾಳು ಎಂದು ಕಾದಳು.

ನಾಗಶ್ರೀ ಅಳಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಅಷ್ಟೆ. “ನಮ್ಮನೆಯೋರು ಇರ್ಬೇಕು ಮೇಡಂ. ಅವ್ರು ಬರೋಗಂಟ ನೀವೂ ಕೂತ್ಕಳಿ” ಎಂದಳು.

“ಖಂಡಿತ. ಅದು ನಿಮ್ಮ ಹಕ್ಕು” ಎಂದ ರಾಣಿ ಕುರ್ಚಿ ಎಳೆದುಕೊಂಡು ಕುಳಿತಳು. ಕಬ್ಬಿನ ಟ್ರ್ಯಾಕ್ಟರನ್ನು ಸಕ್ಕರೆ ಫ್ಯಾಕ್ಟರಿಯ ಸಾಲಿನಲ್ಲಿ ಬಿಟ್ಟು ಶಾಂತಮೂರ್ತಿ ಓಡಿಬರುವವರೆಗೆ ಮುಕ್ಕಾಲು ಗಂಟೆ ಕಾದಳು. ಸುವರ್ಣಮ್ಮನಿಗೆ ಆಶ್ಚರ್ಯವಾಯಿತು. ಕಚೇರಿಯವರು ಬಂದರೆ ಮಗುವನ್ನು ಎಳೆದುಕೊಂಡೇ ಹೋಗುತ್ತಾರೆ ಎಂದು ಅವಳು ತಿಳಿದಿದ್ದಳು.

ಡಾಕ್ಟರ ತಪಾಸಣೆಗೆ ಒಪ್ಪಿಗೆ ಕೇಳುವ ಹಾಳೆಯನ್ನು ರಾಣಿ ಮುಂದಿಟ್ಟಳು. ಶಾಂತಮೂರ್ತಿ ಪೆನ್ನಿಗೆ ಕೈಚಾಚಿದ. ನಾಗಶ್ರೀ ತಡೆದು, ಬೆರಳಿಟ್ಟುಕೊಂಡು ಸಾಲುಸಾಲಾಗಿ ಓದಿದಳು. “ಇದ್ಕೆ ಆಗಲ್ಲ ಅಂದ್ರೆ?” ಎಂದು ಕೇಳಿದಳು.

“ಆಗಲ್ಲ ಅಂದ್ರು ಅಂತ ಬರೀತೀನಿ. ಮಕ್ಕಳ ಕಲ್ಯಾಣ ಸಮಿತಿಯವರು ನಿಮ್ಮನ್ನ ಕರೆಸಿ ಮಾತಾಡಿ ತೀರ್ಮಾನ ಮಾಡ್ತಾರೆ. ಹೆದರಿಸೋಕೆ ಹೇಳ್ತಿಲ್ಲ, ಇರೋದನ್ನ ಹೇಳ್ತಿದೀನಿ.”

“ಕೈ ನೋಡ್ಲಿ. ನಾನು ಪಕ್ಕದಲ್ಲೇ ಇರ್ತೀನಿ. ಫೋಟೋ ಕೈದು ಮಾತ್ರ, ಮೊಖದ್ದು ಬ್ಯಾಡ. ಹಂಗಂತ ಬರ್ಕಳಿ, ಆಮೇಲೆ ಸೈನ್ ಹಾಕ್ತೀನಿ.”

ರಾಣಿ ಹಾಗೆಯೇ ಬರೆದುಕೊಂಡಳು. ಸುವರ್ಣಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು. ಮಗು ಇವಳ ಪಾಲಾಯಿತು, ಈಗ ಈ ಗಟ್ಟಿತನವೂ ಇವಳದೇ ಆಯಿತಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಅದೇ ಜಾಗದಲ್ಲಿ ತಾನಿದ್ದಿದ್ದರೆ ಹೇಳಿದ ಕಡೆ ಸೈನ್ ಹಾಕಿ ಮೂಲೆಯಲ್ಲಿ ಕೂರುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

“ಮಗು ಜೊತೆ ಅಪ್ಪ ಅಮ್ಮ ಇಲ್ಲದೆ ಸ್ವಲ್ಪ ಮಾತಾಡಬೇಕು. ಅದಕ್ಕೆ ಧೈರ್ಯ ಕೊಡೋರು ಬೇರೆ ಯಾರಾದರೂ ಜೊತೆಗಿರಬಹುದು” ಎಂದಳು ರಾಣಿ.

ನಾಗಶ್ರೀ ಯೋಚನೆ ಮಾಡಲಿಲ್ಲ. ಜಗಲಿಯ ಕಡೆ ತಿರುಗಿ, “ಅಕ್ಕ, ನೀವು ಬನ್ನಿ. ನಿಮ್ಮನ್ನ ಬುಟ್ರೆ ಅವ್ಳು ಇನ್ಯಾರತ್ರನೂ ಕೂರಲ್ಲ” ಎಂದಳು.

ಸುವರ್ಣಮ್ಮ ಎದ್ದಾಗ ಮಡಿಲಲ್ಲಿದ್ದ ಅವರೆಕಾಯಿಯೆಲ್ಲ ನೆಲಕ್ಕೆ ಬಿತ್ತು. ಒಳಕೋಣೆಯಲ್ಲಿ ದೀಪಶ್ರೀ ಅವಳ ತೊಡೆಯ ಮೇಲೇರಿ ಕುಳಿತಳು. ರಾಣಿ ಶಾಲೆ, ಗೆಳತಿಯರು, ಬೆಕ್ಕಿನ ಮರಿ ಎಂದೆಲ್ಲ ಸುತ್ತಾಡಿ ಕೊನೆಗೆ ಕೈಯ ವಿಷಯಕ್ಕೆ ಬಂದಳು.

“ಬೋಸಿ ತಾಗ್ತು. ಅವ್ವ ಅತ್ಕಂಡು ತಣ್ಣೀರು ಉಯ್ದ್ಲು” ಎಂದ ಮಗು ದೊಡ್ಡವ್ವನ ಮುಖ ನೋಡಿತು. “ಸೋಮ್ವಾರನೇ ಹೇಳಿದ್ನಲ್ಲ ದೊಡ್ಡವ್ವ, ಇವ್ರ್ಗೂ ಹೇಳು.”

ರಾಣಿಯ ಪೆನ್ನು ನಿಂತಿತು. ಅವಳು ಸುವರ್ಣಮ್ಮನನ್ನು ನೋಡಿದಳು. ಸುವರ್ಣಮ್ಮ, “ಊಂ, ಹೇಳಿತ್ತು” ಎಂದಳು.

ಕೊಳ್ಳೇಗಾಲದ ಆಸ್ಪತ್ರೆಗೂ ಮಗು ಅವಳ ಕೈ ಹಿಡಿದೇ ಹೋಯಿತು. ಡಾಕ್ಟರ ಕೋಣೆಯ ಬಾಗಿಲ ಹತ್ತಿರ ಹೋದಕೂಡಲೆ ಮಾತ್ರ ಕೈ ಬಿಡಿಸಿಕೊಂಡು “ಅವ್ವ” ಎಂದು ಒಳಗೆ ಓಡಿತು. ಹೊರಗಿನ ಬೆಂಚಿನ ಮೇಲೆ ಸುವರ್ಣಮ್ಮ ಉಳಿದಳು. ರಾಣಿ ಪಕ್ಕದಲ್ಲಿ ಬಂದು ಕುಳಿತಳು.

“ಫೋನ್ ಮಾಡಿದವರ ಹೆಸರನ್ನ ನಾವು ಯಾರಿಗೂ ಹೇಳಲ್ಲಮ್ಮ. ನಿಜವಾಗಿ ಏಟು ತಿನ್ನೋ ಮಕ್ಕಳಿಗೋಸ್ಕರ ಆ ಕಟ್ಟುಪಾಡು” ಎಂದಳು, ಅಷ್ಟೆ.

ಪಾತ್ರೆಯ ಅಂಚು ತಾಗಿ ಆದ ಗಾಯ ಎಂದು ಡಾಕ್ಟರು ಬರೆದರು. ಊರಿಗೆ ಬಂದು, ಶಾಂತಮೂರ್ತಿ ಟ್ರ್ಯಾಕ್ಟರಿನ ಕಡೆಗೆ ಹೋದ ಮೇಲೆ, ಸುವರ್ಣಮ್ಮ ಎರಡನೆಯ ಬಾಗಿಲಿಗೆ ಹೋಗಿ ನಿಂತಳು. “ಫೋನ್ ಮಾಡ್ದೋಳು ನಾನೇ ಕಣವ್ವ. ಬೋಸಿ ತಾಗಿದ್ದು ಗೊತ್ತಿದ್ದೂ ಮಾಡ್ದೆ” ಎಂದಳು.

ಮೆಷಿನ್ನಿನ ಮೇಲಿದ್ದ ಬಟ್ಟೆಯನ್ನು ನಾಗಶ್ರೀ ಮಡಿಸಿದಳು, ಮತ್ತೆ ಬಿಚ್ಚಿದಳು.

“ನಾ ಕೆಲ್ಸಕ್ಕೆ ಓಗ್ತಿದ್ದಾಗ ನನ್ನ ಮಗು ನಿಮ್ಮನ್ನ ಮೊದ್ಲು ಕೂಗ್ತು. ಬಸ್ನಲ್ಲಿ ಕೂತು ಅತ್ತಿದ್ದೀನಿ. ನನ್ಗೂ ಹೊಟ್ಟೆ ಉರೀತು ಅಕ್ಕ. ಆದ್ರೆ ನಿಮ್ಮ ಮೇಲೆ ಯಾರತ್ರನೂ ಒಂದು ಮಾತಾಡ್ನಿಲ್ಲ.” ಬಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದಳು, “ಆ ಮೇಡಂ ಮುಖ ಪರಿಚಯ ಇಲ್ದೋರು. ಮಗೀನ ಮುಟ್ಟೋಕ್ಮುಂಚೆ ನನ್ನ ಕೇಳುದ್ರು. ನೀವು ಗೋಡೆ ಪಕ್ಕದಲ್ಲೇ ಇದ್ದು ಒಂದು ಮಾತು ಕೇಳ್ನಿಲ್ಲ.”

ಸುವರ್ಣಮ್ಮ ತನ್ನ ಜಗಲಿಗೆ ಮರಳಿ, ನೆಲದಲ್ಲಿ ಚೆಲ್ಲಿದ್ದ ಅವರೆಕಾಯಿಯನ್ನು ಆಯ್ದಳು.

ತಿಂಗಳ ಮೇಲೆ ದೂರು ಮುಗಿಸಿದ್ದೇವೆ ಎಂಬ ಕಾಗದ ಬಂತು. ಓರಗಿತ್ತಿಯರ ನಡುವೆ ಮಾತು ಶುರುವಾಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಈಗ ಭಾನುವಾರ ಬೆಳಿಗ್ಗೆ ಸುವರ್ಣಮ್ಮ ಆ ಬಾಗಿಲಿಗೆ ಹೋಗಿ, “ಮಗೀನ ಕರ್ಕಂಡೋಗ್ಲಾ?” ಎಂದು ಕೇಳುತ್ತಾಳೆ. ಹೆಚ್ಚಿನ ವಾರ ನಾಗಶ್ರೀ ಹೂಂ ಅನ್ನುತ್ತಾಳೆ. ಕೆಲವು ವಾರ, “ಇವತ್ತು ಬ್ಯಾಡ ಅಕ್ಕ, ನಾವು ಯಳಂದೂರಿಗೆ ಹೊಂಟಿದ್ದೀವಿ” ಅನ್ನುತ್ತಾಳೆ. ಆ ದಿನ ಬೈಕಿನ ಮೇಲೆ ತಾಯಿಯನ್ನು ಅಂಟಿಕೊಂಡು ಕೂತ ಮಗು ಹೊರಡುವುದನ್ನು ನೋಡುವಾಗ ಸುವರ್ಣಮ್ಮನ ಎದೆಯಲ್ಲಿ ಅದೇ ಹಳೆಯ ಸಂಕಟ ಏಳುತ್ತದೆ. ಅವಳು “ಉಷಾರಾಗಿ ಓಗ್ಬನ್ನಿ” ಎಂದು ಕೈಯೆತ್ತಿ, ಬೈಕು ತಿರುವಿನಲ್ಲಿ ಮರೆಯಾಗುವ ತನಕ ನಿಂತಿರುತ್ತಾಳೆ.