ಬೀನ್ಸಿಲ್ಲದ ಊರಸಭೆ

"ಲೇ ಬೋಳಿಮಗನೇ, ಜೋಳ ಸುಲಿಯೋ ಅಂದ್ರೆ ಪಾದ್ರಿ ಚರ್ಮ ಸುಲೀತಿದ್ದೀಯಾ?"

ಬೂಟುಗಾಲು ನನ್ನ ಬುಟ್ಟಿಗೆ ಬಿತ್ತು. ಮೆಕ್ಕೆಜೋಳ ಕಣದ ತುಂಬ ಚೆಲ್ಲಾಡಿತು. ಒದ್ದವನು ನಮ್ಮ ಧಣಿ ಥರ್ಲೋ. ಅವನ ಬೆನ್ನ ಹಿಂದೆ ಪಾದ್ರಿ ಎಲ್ನೇಥನ್. ಗಳಿಗೆಯ ಹಿಂದೆ ನಾನು ಅದೇ ಪಾದ್ರಿಯ ಮೂಗಿನ ದನಿಯಲ್ಲಿ "ಪ್ರಿಯ ಸೋದರರೇಏಏ" ಎಂದು ಉಪದೇಶ ಮಾಡುತ್ತಿದ್ದೆ, ಜೀತದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಎಲ್ಲರ ಕಣ್ಣೂ ತೆನೆಗಳ ಮೇಲೆ.

ನಮ್ಮೂರಲ್ಲಿ ಬೈದರೆ ದಂಡ. ಧಣಿಗಳು ಬೈದರೆ ಅದು ಬುದ್ಧಿವಾದ.

"ಇಂಗ್ಲೆಂಡಿನಾಗೆ ಇಲಿ ತಿನ್ಕಂಡಿದ್ದೋನ್ನ ಈ ಹೊಸ ಸೀಮೆಗೆ ಹಡಗು ಹತ್ತಿಸ್ಕಂಬಂದೆ. ಈ ಸುಗ್ಗಿಗೆ ಬಿಡುಗಡೆ ಅಂತ ಕುಣೀತಿದ್ದೀಯಲ್ಲ, ನಾಳೆ ಸಭೇಲಿ ನೋಡ್ಕೋ. ಇನ್ನೆರಡು ವರ್ಷ ಜೀತ ಜಡಿಸ್ತೀನಿ!"

ಪಾದ್ರಿ ಕಣ್ಣು ಮುಚ್ಚಿ ನಿಟ್ಟುಸಿರಿಟ್ಟ. "ಅವನ ಆತ್ಮದ ಒಳಿತಿಗೇ, ಥರ್ಲೋ. ಆತ್ಮದ ಒಳಿತಿಗೆ."

ಅಡುಗೆಯ ಜೆನೆಟ್ ಆ ಸಂಜೆ ಬಾವಿಕಟ್ಟೆಯ ಹತ್ತಿರ ಸಿಕ್ಕಳು. ಅವಳ ಜೀತ ಹೋದ ವಸಂತದಲ್ಲೇ ಮುಗಿದಿತ್ತು. ಜೀತದಾಳಿಗೆ ಮದುವೆಯಿಲ್ಲ ಎಂಬುದು ಊರ ಕಟ್ಟಳೆ. ನನಗಾಗಿಯೇ ಅವಳು ಇನ್ನೂ ಥರ್ಲೋನ ಒಲೆ ಊದುತ್ತಿದ್ದಳು.

"ನಿನ್ ನಾಲಿಗೆ ಸೇದೋಗ. ಇನ್ನೊಂದೇ ತಿಂಗಳು ಮುಚ್ಕಂಡಿರಕ್ಕಾಗ್ಲಿಲ್ವಾ ಗೈಲ್ಸ್?"

"ಊರೋರು ಕೈ ಬಿಡಾಕಿಲ್ಲ ಬುಡೆ. ಪೀಪಾಯಿ ಮಾಡೋ ಪೆಲೆಗಣ್ಣ ಅವ್ನೆ, ಗಿರಣಿಯವನವ್ನೆ. ಬೀನ್ಸ್ ಹಾಕ್ತಾರೆ."

ಊರಸಭೆಯಲ್ಲಿ ಮತವೆಂದರೆ ಕಾಳು. ಟೋಪಿ ಕೈಯಿಂದ ಕೈಗೆ ದಾಟುತ್ತದೆ. ಒಪ್ಪಿಗೆಯಿದ್ದವನು ಜೋಳದ ಕಾಳು ಹಾಕುತ್ತಾನೆ, ಇಲ್ಲದವನು ಬೀನ್ಸ್ ಕಾಳು. ಹಾಕುವವರು ಪಾದ್ರಿ ಮೆಚ್ಚಿದ ಗಂಡಸರು ಮಾತ್ರ. ಆ ಜೋಳ ಬಿತ್ತಿದವರು, ಸುಲಿದವರು ನಾವು. ಅವರು ಕಾಳು ಹಾಕುತ್ತಿದ್ದರು, ನಮಗೆ ಟೋಪಿ ಹಾಕುತ್ತಿದ್ದರು.

ಮರುದಿನ ತಳವಾರ ನನ್ನನ್ನು ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಲ್ಲಿಸಿದ. ಮೊದಲ ವಿಚಾರ, ಕೊಲ್ಲಿಯಾಚೆಯ ಗವರ್ನರ್ ಹಾಕಿದ ಹೊಸ ಕಂದಾಯ. ಪಾದ್ರಿ ಎದ್ದು ನಿಂತ.

"ಪ್ರಿಯ ಸೋದರರೇಏಏ, ನಾವು ಸಮುದ್ರ ದಾಟಿದ್ದೇಕೆ? ಕೇಳದೆ ನಮ್ಮ ಮೇಲೆ ಕಟ್ಟಳೆ ಹೇರುವ ಹಕ್ಕು ರಾಜನಿಗೂ ಇಲ್ಲ! ತನ್ನ ಒಪ್ಪಿಗೆಯಿಲ್ಲದೆ ಯಾವನೂ ಯಾವನಿಗೂ ಆಳಲ್ಲ!"

ಬೆಂಚುಗಳು ಹೂಂಗುಟ್ಟಿದವು. ಕಂದಾಯ ಕೊಡುವುದಿಲ್ಲವೆಂದು ಟೋಪಿ ತುಂಬ ಜೋಳ ಬಿತ್ತು.

ಎರಡನೆಯ ವಿಚಾರ ನಾನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಥರ್ಲೋ ತನ್ನದೇ ಟೋಪಿ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟ. ಅದರ ಪಕ್ಕದಲ್ಲಿ ಜೋಳದ ಬಟ್ಟಲೊಂದೇ ಇತ್ತು.

ಪೀಪಾಯಿ ಪೆಲೆಗ್ ಕೂತಲ್ಲೇ ಕತ್ತು ಉದ್ದ ಮಾಡಿದ. "ಬೀನ್ಸ್ ಬಟ್ಟಲೆಲ್ಲಿ?"

"ಹುಳ ಬಿದ್ದೋದ್ವು. ಎಸೆಸ್ಬಿಟ್ಟೆ," ಅಂದ ಥರ್ಲೋ.

"ಮತ್ತೆ ಬ್ಯಾಡ ಅನ್ನೋರು?"

"ಯಾವನ್ಲಾ ಬ್ಯಾಡ ಅನ್ನೋನು? ಎದ್ದು ನಿಂತ್ಕಂಡು ಹೇಳ್ಲಿ, ಮುಖ ನೋಡನ."

ಪೆಲೆಗ್‌ನ ಪೀಪಾಯಿಗಳಿಗೆ ಮರ ಥರ್ಲೋನ ಕಾಡಿನಿಂದಲೇ ಬರಬೇಕು. ಅವನು ಎದ್ದು ನಿಲ್ಲಲಿಲ್ಲ. ಟೋಪಿ ಹೊರಟಿತು. ಟಪ್ ಟಪ್ ಎಂದು ಕಾಳು ಬೀಳತೊಡಗಿದವು. ನಾನೇ ಸುಲಿದ ಜೋಳ, ಸದ್ದು ಗುರುತು ಸಿಗುತ್ತಿತ್ತು. ಗಿರಣಿಯವನು ನನ್ನತ್ತ ನೋಡದೆ ಹಾಕಿದ. ಪೆಲೆಗ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ.

"ಏನೋ, ಟೋಪಿಗೆ ಕಾವು ಕೂತಿದ್ದೀಯಾ?" ಥರ್ಲೋ ಹಲ್ಲು ಕಿರಿದ. "ಬೇಗ ಹಾಕು. ಊಟಕ್ಕೆ ಹೊತ್ತಾಯ್ತು. ಇವತ್ತು ಊಟ ನಂದು."

ಬಾಗಿಲಾಚೆ ಎಲ್ಲ ಕೇಳಿಸಿಕೊಂಡಿದ್ದ ಜೆನೆಟ್ ಆಗಲೇ ಊಟದ ಮಣ್ಣಿನ ಗಡಿಗೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು ನನ್ನ ಪಕ್ಕದಿಂದಲೇ ಒಳಗೆ ಬಂದಳು. ಹಂದಿಮಾಂಸದ ಜೊತೆ ಬೆಂದ ಬೀನ್ಸಿನ ಘಮ.

"ಹುಳ ಬಿದ್ದಿಲ್ಲ, ಸ್ವಾಮಿ," ಅಂದಳು. "ಬೆಳಗ್ಗೆ ಧಣೀನೇ ಚೀಲ ತಂದು ಸುರಿದ್ರು. ಎಲ್ಲಾನೂ ಬೇಯ್ಸಿಬುಡು, ಒಂದೂ ಉಳಿಸ್ಬ್ಯಾಡ ಅಂದ್ರು. ಇಷ್ಟು ವರ್ಷದಲ್ಲಿ ಈ ಮನುಷ್ಯ ಕೈಬಿಚ್ಚಿ ಕೊಟ್ಟಿದ್ದು ಇದೊಂದೇಯ."

"ಆಚೆ ಹೋಗೇ ಮುಂಡೆ! ಸಭೇಲಿ ಹೆಂಗ್ಸು ಬಾಯಿ ಬಿಡಂಗಿಲ್ಲ!"

"ನಾನೆಲ್ಲಿ ಬಾಯಿ ಬಿಟ್ಟೆ. ಬಡಿಸ್ತಾ ಇವ್ನಿ."

ಸೌಟು ತುಂಬ ಎತ್ತಿ ಟೋಪಿಗೆ ಸುರಿದಳು.

ತೊಡೆ ಸುಟ್ಟು ಪೆಲೆಗ್ "ಹಾ!" ಎಂದು ಮೇಲೆದ್ದ. ಈಗ ಅವನು ನಿಂತಿದ್ದ. ಟೋಪಿ ಅವನ ಕೈಯಲ್ಲೇ ಇತ್ತು, ತಳದಿಂದ ರಸ ತೊಟ್ಟಿಕ್ಕುತ್ತಿತ್ತು. ಥರ್ಲೋನ ಮುಖ ನೋಡಿದ, ನನ್ನ ಮುಖ ನೋಡಿದ. ಗಡಿಗೆಗೆ ಎರಡು ಬೆರಳಿಟ್ಟು ಸುಡುವ ಕಾಳೊಂದನ್ನು ಎತ್ತಿ ಟೋಪಿಯೊಳಗೆ ಹಾಕಿದ. ಬೆರಳು ಬಾಯಿಗಿಟ್ಟುಕೊಂಡ.

ಪಾದ್ರಿಯ ಬಾಯಿ ತೆರೆದುಕೊಂಡಿತ್ತು, ಮಾತು ಹೊರಡಲಿಲ್ಲ.

ಮಾತು ನನ್ನಲ್ಲಿತ್ತು. ಅದೇ ಮೂಗಿನಲ್ಲಿ, ಅದೇ ರಾಗದಲ್ಲಿ ಹೊರಟಿತು: "ಪ್ರಿಯ ಸೋದರರೇಏಏ, ಎಣಿಸಿರಿ!"

ಸಭೆಯ ಲೆಕ್ಕ ಬರೆಯುವ ಗುಮಾಸ್ತ ಪುಸ್ತಕಕ್ಕೆ ತಲೆ ತಗ್ಗಿಸಿಕೊಂಡೇ ಇದ್ದವನು, ಪಾದ್ರಿಯ ಅಪ್ಪಣೆಯೆಂದುಕೊಂಡು ಪೆಲೆಗ್‌ನ ಕೈಯಿಂದ ಟೋಪಿ ತೆಗೆದುಕೊಂಡು ಅದರೊಳಗೆ ಕೈ ಇಳಿಬಿಟ್ಟು ಎಣಿಸತೊಡಗಿದ. ಅಷ್ಟರಲ್ಲಿ ತಳವಾರನ ಮುಷ್ಟಿ ನನ್ನ ಕೊರಳಪಟ್ಟಿ ಹಿಡಿದಿತ್ತು. ಥರ್ಲೋ ಜೆನೆಟಳ ಜುಟ್ಟು ಹಿಡಿದಿದ್ದ. ಹೊರಗೆ, ಕಟ್ಟಿ ಹೊಡೆಯುವ ಚಾಟಿಕಂಬ ಬಿಸಿಲಿಗೆ ಒಣಗುತ್ತಿತ್ತು.

ಜೆನೆಟ್ ಸೌಟು ಬಿಟ್ಟಿರಲಿಲ್ಲ. ಗುಮಾಸ್ತ ಇನ್ನೂ ಬೀನ್ಸ್ ಎಣಿಸುತ್ತಿದ್ದ.